ಯೂರಿಕ್ ಆಮ್ಲ ಹೆಚ್ಚಾದರೆ ಕ್ಯಾನ್ಸರ್ ಬರುತ್ತದೆಯೇ?

ಪ್ರಥಮ ಪಿಯು ಜೀವಶಾಸ್ತ್ರ ಪುಸ್ತಕದಲ್ಲಿ ಗೌಟ್ ಬಗ್ಗೆ ಇರುವುದು ಒಂದೇ ಸಾಲು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆರ್.ಟಿ. ನಗರದ ನನ್ನ ಮಾಮುವಿನ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ 8.4 ಎಂದು ಬಂದಾಗ, 'ಇದು ಕ್ಯಾನ್ಸರ್‌ನ ಮುನ್ಸೂಚನೆ' ಎಂಬ ವಾಟ್ಸ್‌ಆ್ಯಪ್ ಸಂದೇಶ ನಮ್ಮ ಮನೆಯವರ ಊಟ ನಿದ್ದೆ ಕೆಡಿಸಿತು. ಅದರಲ್ಲಿ ಎಷ್ಟು ನಿಜವಿದೆ ಎಂದು ನಮ್ಮ ಪಾಠಗಳ ಸಹಾಯದಿಂದಲೇ ನೋಡೋಣ.

ಡಿಎನ್‌ಎಯಲ್ಲಿರುವ ಅಡೆನಿನ್ ಮತ್ತು ಗ್ವಾನಿನ್ ಪ್ಯೂರಿನ್‌ಗಳೆಂದು ಓದಿದ್ದೇವೆ. ಜೀವಕೋಶಗಳು ಸತ್ತಾಗಲೂ ನಾವು ತಿಂದ ಮಾಂಸ ಜೀರ್ಣವಾದಾಗಲೂ ಇವು ಒಡೆಯುತ್ತವೆ. ಕೊನೆಯಲ್ಲಿ ಜಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಯೂರಿಕ್ ಆಮ್ಲವನ್ನು ತಯಾರಿಸುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ಸುಲಭವಾಗಿ ಕರಗುವಂತೆ ಮಾಡುತ್ತದೆ. ಮನುಷ್ಯರಲ್ಲಿ ಆ ಕಿಣ್ವವಿಲ್ಲ. ಹಾಗಾಗಿ ಸುಮಾರು ಮೂರನೇ ಎರಡು ಪಾಲನ್ನು ಮೂತ್ರಪಿಂಡಗಳೇ ಹೊರಹಾಕಬೇಕು. ರಕ್ತದಲ್ಲಿ ಡೆಸಿಲೀಟರ್‌ಗೆ 6.8 ಮಿಲಿಗ್ರಾಂ ದಾಟಿದರೆ ಸೂಜಿಯಂಥ ಹರಳುಗಳು ಕಟ್ಟಬಹುದು. ದೇಹದ ತಣ್ಣನೆಯ ಭಾಗವಾದ ಕಾಲಿನ ಹೆಬ್ಬೆರಳ ಕೀಲಿನಲ್ಲಿ ಅವು ಕೂತರೆ ಗೌಟ್.

ಇನ್ನು ಕ್ಯಾನ್ಸರ್ ವಿಷಯ. ಗೌಟ್ ಇರುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳು ಹೇಳಿವೆ. ಆದರೆ ಬೊಜ್ಜು, ಮದ್ಯಪಾನಗಳು ಎರಡಕ್ಕೂ ಕಾರಣವಾಗುತ್ತವೆ. ಮಳೆ ಬಂದ ದಿನ ಹೆಬ್ಬಾಳದಲ್ಲಿ ಛತ್ರಿಗಳೂ ಹೆಚ್ಚು, ಟ್ರಾಫಿಕ್ ಜಾಮೂ ಹೆಚ್ಚು. ಛತ್ರಿಯಿಂದಲೇ ಜಾಮ್ ಆಯಿತೆಂದು ಯಾರೂ ಹೇಳುವುದಿಲ್ಲ. ಯೂರಿಕ್ ಆಮ್ಲವೇ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿಲ್ಲ. ಕ್ಯಾನ್ಸರ್ ಪತ್ತೆಗೆ ಈ ಪರೀಕ್ಷೆಯನ್ನು ಬಳಸುವುದೂ ಇಲ್ಲ.

ಖಚಿತವಾದ ನಂಟು ಇರುವುದು ತಿರುಗುಮುರುಗಾಗಿ. ರಕ್ತ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಟ್ಟಾಗ ಕೋಟ್ಯಂತರ ಕೋಶಗಳು ಒಮ್ಮೆಲೇ ಸಾಯುತ್ತವೆ, ಅವುಗಳ ಪ್ಯೂರಿನ್ ಯೂರಿಕ್ ಆಮ್ಲವಾಗಿ ಉಕ್ಕುತ್ತದೆ, ಮೂತ್ರಪಿಂಡಗಳು ಕೆಡಬಹುದು. ಇದಕ್ಕೆ ಟ್ಯೂಮರ್ ಲೈಸಿಸ್ ಸಿಂಡ್ರೋಮ್ ಎನ್ನುತ್ತಾರೆ. ಇದನ್ನು ತಡೆಯಲು ವೈದ್ಯರು ಡ್ರಿಪ್ ಜೊತೆಗೆ ಅಲೋಪ್ಯೂರಿನಾಲ್ ಕೊಡುತ್ತಾರೆ. ಗೌಟ್‌ಗೂ ಇದೇ ಮಾತ್ರೆ!

ಈ ಮಾತ್ರೆಯ ಹಿಂದೆ ಗರ್ಟ್ರೂಡ್ ಎಲಿಯನ್ ಇದ್ದಾರೆ. ಅವರಿಗೆ 15 ವರ್ಷವಿದ್ದಾಗ ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡರು; ಅದೇ ಅವರನ್ನು ವಿಜ್ಞಾನದ ಕಡೆಗೆ ಎಳೆಯಿತು. ಜಾರ್ಜ್ ಹಿಚಿಂಗ್ಸ್ ಜೊತೆ ಅವರು ಮಕ್ಕಳ ರಕ್ತ ಕ್ಯಾನ್ಸರ್‌ಗೆ 6-ಮರ್ಕ್ಯಾಪ್ಟೊಪ್ಯೂರಿನ್ ತಯಾರಿಸಿದರು. ಜಾಂಥೀನ್ ಆಕ್ಸಿಡೇಸ್ ಆ ಔಷಧವನ್ನೂ ಬೇಗ ಒಡೆಯುತ್ತಿತ್ತು. ಕಿಣ್ವವನ್ನು ತಡೆಯಲು ಬಳಸಿದ ಅಲೋಪ್ಯೂರಿನಾಲ್ ಯೂರಿಕ್ ಆಮ್ಲವನ್ನೂ ಇಳಿಸಿತು. 1966ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಪಿಎಚ್‌.ಡಿ. ಮುಗಿಸದ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? 2004ರಲ್ಲಿ ಪ್ರಕಟವಾದ, 47 ಸಾವಿರ ಪುರುಷರನ್ನು 12 ವರ್ಷ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚಾಗಿತ್ತು. ಪ್ಯೂರಿನ್ ಇರುವ ತರಕಾರಿಗಳಿಂದ ಹೆಚ್ಚಾಗಲಿಲ್ಲ. ಹಾಲಿನ ಪದಾರ್ಥ ತಿಂದವರಿಗೆ ಕಡಿಮೆಯಿತ್ತು. ಆದ್ದರಿಂದ ಗೌಟ್ ಇರುವವರು ಬಕ್ರೀದ್‌ನಲ್ಲಿ ಕಲೇಜಿ, ಗುರ್ದಾ ಬಿಟ್ಟು, ಮಟನ್ ಮಿತವಾಗಿ ತಿನ್ನಲಿ. ಸಿಹಿ ತಂಪು ಪಾನೀಯ ಬೇಡ, ನೀರು ಚೆನ್ನಾಗಿ ಕುಡಿಯಲಿ. ಉಪವಾಸ ಇರುವವರು ರಂಜಾನ್‌ಗೆ ಮುಂಚೆಯೇ ವೈದ್ಯರನ್ನು ಕೇಳಲಿ. ಮಾತ್ರೆಯನ್ನು ತಾವಾಗಿಯೇ ಶುರು ಮಾಡುವುದೂ ನಿಲ್ಲಿಸುವುದೂ ಬೇಡ. ಅಲೋಪ್ಯೂರಿನಾಲ್ ತೆಗೆದುಕೊಂಡ ಮೇಲೆ ಚರ್ಮದಲ್ಲಿ ದದ್ದು ಎದ್ದರೆ ಕೂಡಲೇ ವೈದ್ಯರ ಬಳಿ ಹೋಗಬೇಕು.

ಕ್ಯಾನ್ಸರ್‌ನ ಭಯವಿದ್ದರೆ ಮೊದಲು ಬಿಡಬೇಕಾದದ್ದು ಬೇಳೆಸಾರನ್ನಲ್ಲ, ಗುಟ್ಕಾ ಮತ್ತು ಸಿಗರೇಟನ್ನು. ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಹೊಸ ಗಂಟು, ಕಾರಣವಿಲ್ಲದೆ ಇಳಿಯುವ ತೂಕ ಇವನ್ನು ಕಂಡರೆ ತಡಮಾಡದೆ ತೋರಿಸಬೇಕು. ಇದಕ್ಕಾಗಿಯೇ ನಮ್ಮ ಊರಲ್ಲಿ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡುವುದಿದ್ದರೆ ಈ ಮೂರು ಲಕ್ಷಣಗಳನ್ನು ಮಾಡಿ.