‘ಮನೆಯಲ್ಲಿ ಹೇಳಬೇಡ’ ಎನ್ನುವ ಗೆಳೆಯ

ಇನ್‌ಸ್ಟಾಗ್ರಾಮಿನಲ್ಲೋ ಮೊಬೈಲ್ ಆಟದ ಚಾಟ್‌ನಲ್ಲೋ ಪರಿಚಯವಾದವನು ಮೊದಲ ದಿನವೇ ಕೆಟ್ಟ ಮಾತಾಡುವುದಿಲ್ಲ. ‘ನಿನ್ನ ರೀಲ್ಸ್ ಸೂಪರ್’, ‘ಯಾವ ಕ್ಲಾಸು?’, ‘ಟೆಸ್ಟ್ ಹೇಗಾಯ್ತು?’ ಎಂದು ಶುರುವಾಗುತ್ತದೆ. ತನಗೆ ಹದಿನೇಳು ಎನ್ನುತ್ತಾನೆ. ನಿಜಕ್ಕೂ ಮೂವತ್ತು ದಾಟಿರಬಹುದು, ಹುಡುಗಿಯ ಫೋಟೊ ಹಾಕಿಕೊಂಡ ಗಂಡಸೂ ಆಗಿರಬಹುದು. ಅಮ್ಮ ಬೈದ ದಿನ, ಮಾರ್ಕ್ಸ್ ಕಡಿಮೆ ಬಂದ ದಿನ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ. ರೀಚಾರ್ಜ್ ಮಾಡಿಸುತ್ತಾನೆ. ನಡುನಡುವೆ ‘ನಿನ್ನ ಫೋನ್ ಬೇರೆ ಯಾರಾದ್ರೂ ನೋಡ್ತಾರಾ?’, ‘ರಾತ್ರಿ ಒಬ್ಬಳೇ ಮಲಗ್ತೀಯಾ?’ ಎಂಬ ಪ್ರಶ್ನೆಗಳು ತೂರಿಬರುತ್ತವೆ. ಈ ಮಗುವಿನ ಮೇಲೆ ಯಾರದಾದರೂ ಕಣ್ಣಿದೆಯೇ ಎಂದು ಅವನು ಅಳೆದು ನೋಡುವುದು ಹೀಗೆ.

ಆಮೇಲೆ ‘ವಾಟ್ಸ್ಆ್ಯಪ್‌ಗೆ ಬಾ’, ‘ಓದಿದ್ಮೇಲೆ ಡಿಲೀಟ್ ಮಾಡು’, ‘ಮನೇಲಿ ಹೇಳಬೇಡ’. ಬೇಡದ ಫೋಟೊ ಒಂದು ಕೈಸೇರಿತೋ, ದನಿಯೇ ಬೇರೆ: ಇನ್ನೊಂದು ಕಳಿಸು, ಇಲ್ಲದಿದ್ದರೆ ಕ್ಲಾಸ್ ಗ್ರೂಪಿಗೆ ಹಾಕುತ್ತೇನೆ. ಹುಡುಗರ ಹತ್ತಿರ ಎಷ್ಟೋ ಸಲ ಹಣ ಕೇಳುತ್ತಾರೆ. ಏನೂ ಕಳಿಸದ ಮಗುವಿನ ಮುಖವನ್ನೂ ಬೇರೆ ದೇಹಕ್ಕೆ ಅಂಟಿಸಿ ಬೆದರಿಸುವುದು ಈಗ ಸುಲಭ. ‘ಅಪ್ಪನಿಗೆ ಗೊತ್ತಾದ್ರೆ ಕೊಂದೇ ಬಿಡ್ತಾರೆ’ ಎಂದು ಮಗು ನಂಬಿರುವಷ್ಟು ದಿನ ಇದು ನಡೆಯುತ್ತಲೇ ಇರುತ್ತದೆ. ಅವನ ಬಲವೆಲ್ಲ ಆ ಭಯದಲ್ಲೇ ಇದೆ.

ಕಾನೂನು ಮಗುವಿನ ಪರ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗ, ಹುಡುಗಿ ಎಲ್ಲರೂ ಮಕ್ಕಳೇ. ‘ಅವಳೇ ಒಪ್ಪಿ ಕಳಿಸಿದಳು’ ಎಂಬ ವಾದ ಅಲ್ಲಿ ನಿಲ್ಲದು. ಲೈಂಗಿಕ ಉದ್ದೇಶದಿಂದ ಮಗುವನ್ನು ಆನ್‌ಲೈನಿನಲ್ಲಿ ಪದೇ ಪದೇ ಸಂಪರ್ಕಿಸುವುದು, ಅಸಲಿಯೋ ನಕಲಿಯೋ ಚಿತ್ರ ಮುಂದಿಟ್ಟು ಹೆದರಿಸುವುದು 11ನೇ ಸೆಕ್ಷನ್‌ಗೆ ಬರುತ್ತದೆ. 3 ವರ್ಷದವರೆಗೆ ಜೈಲು. ಅಶ್ಲೀಲ ಚಿತ್ರಕ್ಕೆ ಮಗುವನ್ನು ಬಳಸಿಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 5 ವರ್ಷ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಇನ್ನೂ ನೇರ. ಲೈಂಗಿಕ ಕೃತ್ಯಕ್ಕಾಗಿ ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಪುಸಲಾಯಿಸುವುದೇ ಅಪರಾಧ, ಮುಖಾಮುಖಿ ಭೇಟಿ ಆಗಿರಬೇಕೆಂದೇನೂ ಇಲ್ಲ. ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ.

ವಿಷಯ ಗೊತ್ತಾದ ತಕ್ಷಣ ಮನೆಯವರು ಸಾಮಾನ್ಯವಾಗಿ ಫೋನ್ ಕಿತ್ತುಕೊಂಡು, ಎರಡೇಟು ಕೊಟ್ಟು, ಚಾಟ್ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ‘ತಪ್ಪು ಅವನದು, ನಾವಿದ್ದೀವಿ’ ಎಂಬ ಮಾತು ಮಗುವಿಗೆ ಮೊದಲು ಕೇಳಿಸಲಿ. ಅಳಿಸಿದ ಚಾಟ್ ಜೊತೆ ಸಾಕ್ಷಿಯೂ ಹೋಗುತ್ತದೆ. ಅವನ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಫೋನ್ ನಂಬರ್, ಹಣ ಕೇಳಿದ್ದರೆ ಯುಪಿಐ ಐಡಿ, ತಾರೀಖು ಕಾಣುವಂತೆ ಬೆದರಿಕೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಮಗುವಿನ ಚಿತ್ರವನ್ನು ಮಾತ್ರ ಸಾಕ್ಷಿಯೆಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅಂಥದ್ದನ್ನು ಹಂಚುವುದೂ ಅಪರಾಧ. ಹಣ ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ.

ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಫೋನ್ ಮಾಡಿ. ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಕರ್ನಾಟಕದಲ್ಲಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗಳಿವೆ. ಫೋಟೊ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ: ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗಿ, ಆ ಸೇವೆಗೆ ಸೇರಿದ ಜಾಲತಾಣಗಳು ಅದನ್ನು ಹುಡುಕಿ ತೆಗೆಯಲು ನೆರವಾಗುತ್ತದೆ.

ಮರ್ಯಾದೆಗೆ ಅಂಜಿ ಮುಚ್ಚಿಡುವ ದೊಡ್ಡವರಿಗೆ ಪೋಕ್ಸೊದಲ್ಲಿ 6 ತಿಂಗಳವರೆಗೆ ಶಿಕ್ಷೆಯುಂಟು. ಹೇಳದೆ ಉಳಿದ ಮಗುವಿಗೆ ಅದು ಅನ್ವಯಿಸದು. ಪತ್ರಿಕೆ, ಟಿ.ವಿ.ಗಳಲ್ಲಿ ಮಗುವಿನ ಹೆಸರು, ಶಾಲೆ, ಮನೆ ಬರುವಂತಿಲ್ಲ. ಹೇಳಿಕೆಗೆ ಮಗು ಠಾಣೆ ಮೆಟ್ಟಿಲು ಹತ್ತಬೇಕಿಲ್ಲ. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ, ಮನೆಗೆ ಇಲ್ಲವೇ ಮಗು ಹೇಳಿದ ಜಾಗಕ್ಕೆ ಬಂದು ಬರೆದುಕೊಳ್ಳಬೇಕು. ಅಪ್ಪ ಅಮ್ಮ ಪಕ್ಕದಲ್ಲೇ ಕೂರಬಹುದು.