ಗಲ್ಲಾ ಬಿಟ್ಟೇಳಲಾಗದ ಹೋಟೇಲಿಗರು: ರಜೆಯನ್ನೂ ಕಲಿಯಬೇಕಾಗಿದೆ

ಮುಂಬಯಿ ಮಹಾನಗರದ ನಮ್ಮ ಹೋಟೇಲು ಉದ್ಯಮಿಗಳ ಸಾಧನೆಯ ಬಗ್ಗೆ ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಆಡದ ಮಾತಿಲ್ಲ. ಸನ್ಮಾನ ಪತ್ರ ಓದುವಾಗ 'ಹಗಲಿರುಳೆನ್ನದೆ ದುಡಿದು ಮೇಲೆ ಬಂದವರು' ಎಂಬ ವಾಕ್ಯ ತಪ್ಪದೆ ಬರುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಶಾಲು, ಹಾರ, ಫಲಪುಷ್ಪ ಸ್ವೀಕರಿಸಿದ ಸನ್ಮಾನಿತರು ಊಟಕ್ಕೂ ನಿಲ್ಲದೆ, 'ಗಲ್ಲಾದಲ್ಲಿ ಯಾರೂ ಇಲ್ಲ, ಬರ್ತೇನೆ' ಎಂದು ಹೊರಟುಬಿಡುತ್ತಾರೆ. ಸನ್ಮಾನ ಪತ್ರದ ಮಾತಿಗಿಂತ ಈ ಕೊನೆಯ ಮಾತಿನ ಬಗ್ಗೆಯೇ ಇಂದು ಸ್ವಲ್ಪ ಬರೆಯಬೇಕೆನಿಸಿದೆ.

ಈ ಅಭ್ಯಾಸ ಒಂದೆರಡು ದಿನದ್ದಲ್ಲ. ಹತ್ತು-ಹನ್ನೆರಡರ ಹರೆಯದಲ್ಲಿ ಊರು ಬಿಟ್ಟು ಬಂದವರು, ಗ್ಲಾಸು ತೊಳೆದವರು, ಟೇಬಲ್ ಒರೆಸಿದವರು, ಸಂಜೆ ರಾತ್ರಿ ಶಾಲೆಗೆ ಹೋಗಿ ಬಂದು ಅದೇ ಟೇಬಲಿನ ಮೇಲೆ ಚಾದರ ಹಾಸಿ ಮಲಗಿದವರು ನಮ್ಮ ಹಿರಿಯರು. ಕೆಲಸದ ಜಾಗವೇ ಮನೆಯಾಗಿದ್ದಾಗ ಕೆಲಸ ಮುಗಿಯಿತು ಎನ್ನುವ ಗಳಿಗೆಯೇ ಇರಲಿಲ್ಲ. ರಜೆ ಎಂದರೆ ಎರಡು-ಮೂರು ವರ್ಷಕ್ಕೊಮ್ಮೆ ಊರಿಗೆ ಹೋಗುವುದು, ಅಷ್ಟೆ. ಮುಂದೆ ಅವರೇ ಧಣಿಗಳಾದರು. ಆದರೆ ಬೆಳಗ್ಗಿನ ಹಾಲಿನ ಗಾಡಿಯ ಹೊತ್ತಿಗೆ ಎದ್ದು, ನಡುರಾತ್ರಿ ಲೆಕ್ಕ ಮುಗಿಸಿ ಮಲಗುವ ಕ್ರಮ ಹಾಗೆಯೇ ಉಳಿಯಿತು.

ಹಣದ ಆಸೆಯಿಂದ ಹೀಗೆ ಮಾಡುತ್ತಾರೆ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಗಲ್ಲಾದ ಮೇಲೆ ಕುಳಿತಾಗ ಭಂಡಾರಿ ಬಂದು ತರಕಾರಿ ಕೇಳುತ್ತಾನೆ, ವೈಟರ್ ಅಡ್ವಾನ್ಸ್ ಕೇಳುತ್ತಾನೆ, ಮೂವತ್ತು ವರ್ಷದ ಗಿರಾಕಿ 'ಸೇಠ್, ಕೈಸೇ ಹೋ' ಎಂದು ವಿಚಾರಿಸುತ್ತಾನೆ. ಅಲ್ಲಿಂದ ಎದ್ದರೆ ತಾನು ಯಾರು ಎಂಬ ಪ್ರಶ್ನೆ ಕಾಡುತ್ತದೆ. ಮನೆಯ ಸೋಫಾದಲ್ಲಿ ಅವರನ್ನು ಸೇಠ್ ಎನ್ನುವವರು ಯಾರೂ ಇಲ್ಲ.

ನನ್ನ ಭಾವ ಅಂಥವರಲ್ಲಿ ಒಬ್ಬರು. ಕೇಂದ್ರ ಉಪನಗರದಲ್ಲಿ ಅವರ ಹೋಟೇಲಿಗೆ ಈಗ ನಲವತ್ತು ವರ್ಷ. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ಹತ್ತಿರದ ಮದುವೆ. ಮುಹೂರ್ತದ ಹೊತ್ತಿಗೆ ಭಾವ ಚಪ್ಪರದಲ್ಲಿಲ್ಲ. ಹಟ್ಟಿಯ ಹಿಂದೆ ಸಿಗ್ನಲ್ ಸಿಗುವ ಜಾಗ ಹುಡುಕಿ ನಿಂತು, ಗ್ಯಾಸ್ ಸಿಲಿಂಡರ್ ಬಂತೋ ಇಲ್ಲವೋ ಎಂದು ಮ್ಯಾನೇಜರ್ ಹತ್ತಿರ ವಿಚಾರಿಸುತ್ತಿದ್ದರು. ಅಕ್ಕ ಅಲ್ಲಿಗೇ ಹೋಗಿ, 'ನೀವು ಬಂದದ್ದು ಯಾಕೆ ಮಾರಾಯ್ರೆ? ಸಿಲಿಂಡರಿಗೆ ಅಕ್ಷತೆ ಹಾಕಲಿಕ್ಕಾ?' ಎಂದು ಕೇಳಿದಳು. ಸುತ್ತ ಇದ್ದವರೆಲ್ಲ ನಕ್ಕರು. ಅದೇ ವರ್ಷ ಮಳೆಗಾಲದಲ್ಲಿ ಗಲ್ಲಾದಲ್ಲಿ ಕುಳಿತಿದ್ದಾಗಲೇ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿಸಿಕೊಂಡರು. ಆಗ ಯಾರೂ ನಗಲಿಲ್ಲ.

ಅತಿ ದುಡಿಮೆಗೂ ಹೃದಯಕ್ಕೂ ಸಂಬಂಧವಿದೆ ಎನ್ನುವುದು ಬರೀ ಹೆದರಿಸುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜಂಟಿಯಾಗಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7 ಲಕ್ಷ 45 ಸಾವಿರ ಮಂದಿ ಇಂಥ ದುಡಿಮೆಯ ಫಲವಾಗಿ ಈ ಎರಡು ಕಾರಣಗಳಿಂದ ತೀರಿಕೊಂಡರು ಎಂದು ಆ ಅಧ್ಯಯನ ಅಂದಾಜಿಸಿದೆ. ನಮ್ಮ ಹೋಟೇಲಿಗರ ಲೆಕ್ಕ ಹಾಕಿ ನೋಡಿ: ದಿನಕ್ಕೆ 14 ಗಂಟೆ, ವಾರಕ್ಕೆ ಏಳು ದಿನ, ಒಟ್ಟು 98 ಗಂಟೆ.

ವಾರದ ರಜೆ ಎಂಬ ಮಾತು ಈ ನಗರಕ್ಕೆ ಹೊಸತೂ ಅಲ್ಲ. ಇಲ್ಲಿಯ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ, 1890ರ ಜೂನ್ 10ರಂದು. ಮುಂದೆ ಅಂಗಡಿ, ಹೋಟೇಲುಗಳಿಗೂ ಕಾಯಿದೆ ಬಂತು. ಮಹಾರಾಷ್ಟ್ರದ 2017ರ ಕಾಯಿದೆ ವ್ಯಾಪಾರ ಸಂಸ್ಥೆಗಳನ್ನು ವಾರದ ಏಳೂ ದಿನ ತೆರೆದಿಡಲು ಅವಕಾಶ ಕೊಟ್ಟಿತು, ಆದರೆ ನೌಕರನಿಗೆ ವಾರಕ್ಕೊಂದು ದಿನ ರಜೆ ಕೊಡಲೇಬೇಕು ಎಂದಿತು. ಧಣಿಗೆ ರಜೆ ಕೊಡಿಸುವ ಕಾಯಿದೆ ಮಾತ್ರ ಯಾವುದೂ ಇಲ್ಲ. ಹೋಟೇಲಿನ ಹುಡುಗ ಸರದಿಯ ರಜೆಯಲ್ಲಿ ಜುಹೂ ಚೌಪಾಟಿಗೆ ಹೋದಾಗಲೂ ಸೇಠ್ ಗಲ್ಲಾದಲ್ಲೇ ಇರುತ್ತಾರೆ.

2020ರಲ್ಲಿ ಎಲ್ಲರಿಗೂ ಒಮ್ಮೆ ಬಲವಂತದ ರಜೆ ಸಿಕ್ಕಿತಲ್ಲ ಎಂದು ಕೆಲವರು ಹೇಳಬಹುದು. ಆ ವರ್ಷದ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಮೇಲೆ ಮಹಾರಾಷ್ಟ್ರದ ಹೋಟೇಲುಗಳಲ್ಲಿ ಗಿರಾಕಿಗಳನ್ನು ಕೂರಿಸಿ ಬಡಿಸಲು ಅನುಮತಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಅದೂ ಅರ್ಧ ಆಸನಗಳಿಗೆ. ಆದರೆ ಅದನ್ನು ರಜೆ ಎನ್ನಲು ನನಗೆ ಮನಸ್ಸು ಬಾರದು. ಬಾಡಿಗೆ, ಲೈಟ್ ಬಿಲ್, ಕಂಡಕ್ಟ್‌ಗೆ ಪಡೆದವರ ತಿಂಗಳ ಕಂತು, ಊರಿಗೆ ನಡೆದೇ ಹೊರಟ ಹುಡುಗರ ಚಿಂತೆ ಇವೆಲ್ಲ ತಲೆಯಲ್ಲಿದ್ದವು. ಕೈಕಾಲಿಗೆ ಕೆಲಸವಿಲ್ಲದಿದ್ದರೆ ವಿಶ್ರಾಂತಿ ಆಗುವುದಿಲ್ಲ ಎಂಬುದು ಮಾತ್ರ ಆ ಏಳು ತಿಂಗಳಲ್ಲಿ ಹಲವರಿಗೆ ಗೊತ್ತಾಯಿತು.

ಭಾವನ ವಿಷಯಕ್ಕೆ ಬರೋಣ. ಆಸ್ಪತ್ರೆಯಿಂದ ಬಂದ ಮೇಲೆ ವಾರದಲ್ಲಿ ಒಂದು ಪೂರ್ತಿ ದಿನ ಹೋಟೇಲಿಗೆ ಹೋಗಕೂಡದು ಎಂದು ವೈದ್ಯರ ಆಜ್ಞೆಯಾಯಿತು. ಮಂಗಳವಾರ ಎಂದು ನಿಶ್ಚಯವಾಯಿತು. ಮೊದಲ ಮಂಗಳವಾರ ವಾಕಿಂಗ್ ಎಂದು ಹೊರಟವರು ಹೋಟೇಲಿನ ಎದುರಿನ ಪಾನ್ ಅಂಗಡಿಯಲ್ಲಿ ಒಂದೂವರೆ ತಾಸು ನಿಂತು, ಒಳಗೆ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಹೊರಬಂದರು ಎಂದು ಎಣಿಸಿದ್ದರು! ಎರಡನೆಯ ವಾರ ಮನೆಯಲ್ಲೇ ಕುಳಿತರು. ಅಕ್ಕ ಸಾಂಬಾರಿಗೆ ಬೇಳೆ ಎಷ್ಟು ಹಾಕುತ್ತಾಳೆ, ಗ್ಯಾಸ್ ಎಷ್ಟು ಹೊತ್ತು ಉರಿಯುತ್ತದೆ ಎಂದೆಲ್ಲ ನೋಡಲು ಶುರುಮಾಡಿದಾಗ, 'ನನ್ನ ಅಡುಗೆಕೋಣೆಗೆ ಸೇಠ್ ಬೇಡ' ಎಂದು ಅವಳೇ ಹೊರಗೆ ಕಳುಹಿಸಿದಳು.

ಕೊನೆಗೆ ದಾರಿ ಮಾಡಿಕೊಟ್ಟದ್ದು ಇಪ್ಪತ್ತು ವರ್ಷದಿಂದ ಜತೆಗಿದ್ದ ಮ್ಯಾನೇಜರ್. 'ಸೇಟ್ರೇ, ಮಂಗಳವಾರ ನೀವು ಫೋನ್ ಮಾಡುವುದು ಬೇಡ. ರಾತ್ರಿ ಹತ್ತೂವರೆಗೆ ನಾನೇ ಮಾಡುತ್ತೇನೆ, ಒಂದೇ ಸಲ' ಎಂದು ಆತ ಹೇಳಿದ. ಭಾವ ಒಪ್ಪಿದರು. ನಾಲ್ಕು ಸಾವಿರ ರೂಪಾಯಿಯೊಳಗಿನ ಯಾವ ಖರ್ಚಿಗೂ ಕೇಳಬೇಕಾಗಿಲ್ಲ ಎಂದೂ ಮಾತಾಯಿತು. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆಯ ಗುಟ್ಟು ಈ ನಾಲ್ಕು ಸಾವಿರದಲ್ಲಿದೆ. ಗಲ್ಲಾ ಒಪ್ಪಿಸಿ ತೀರ್ಮಾನ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಳ್ಳುವವರಿಗೆ ಫೋನ್ ತಪ್ಪಿದ್ದಲ್ಲ. ಮೊದಲ ತಿಂಗಳು ಲೆಕ್ಕದಲ್ಲಿ ಸಣ್ಣಪುಟ್ಟ ವ್ಯತ್ಯಾಸ ಬಂತು. ಆಸ್ಪತ್ರೆಯ ಬಿಲ್ಲನ್ನು ಪಕ್ಕದಲ್ಲಿಟ್ಟು ನೋಡಿದ ಭಾವ ಸುಮ್ಮನಾದರು. ಅದಲ್ಲದೆ ಈಗ ಅರ್ಧಕ್ಕರ್ಧ ಗಿರಾಕಿಗಳು ಮೊಬೈಲಿನಲ್ಲೇ ಹಣ ಕೊಡುತ್ತಾರೆ, ನಗದು ಕಾಯಲು ಧಣಿಯೇ ಕೂರಬೇಕೆಂಬ ಹಳೆಯ ವಾದಕ್ಕೆ ಮೊದಲಿನ ಬಲವಿಲ್ಲ. ಈಗ ಭಾವ ಮಂಗಳವಾರ ಸಂಜೆ ತಾಳಮದ್ದಳೆಯ ಅಭ್ಯಾಸಕ್ಕೆ ಹೋಗುತ್ತಾರೆ. ಅರ್ಥ ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ, ಚಕ್ರತಾಳ ಹಿಡಿದು ಕೂರುತ್ತಾರೆ.

ಸಂಘದ ಪದಾಧಿಕಾರಿಗಳು ಸಿಟ್ಟಾಗಬಾರದು, ಆದರೆ ನಮ್ಮ ಸಂಘಗಳೂ ರಜೆಗೆ ಅಡ್ಡಿಯಾಗುವುದುಂಟು. ಹೇಗೋ ಒಂದು ಭಾನುವಾರ ಬಿಡುವು ಮಾಡಿಕೊಂಡವರನ್ನು ಕಾರ್ಯಕಾರಿ ಸಮಿತಿಯ ಸಭೆ, ಸ್ಮರಣ ಸಂಚಿಕೆಯ ಜಾಹೀರಾತು, ವಾರ್ಷಿಕೋತ್ಸವದ ಊಟದ ಉಸ್ತುವಾರಿ ಎಂದು ಇನ್ನೊಂದು ಗಲ್ಲಾದಲ್ಲಿ ಕೂರಿಸುತ್ತೇವೆ. ಹೋಟೇಲಿನವರೇ ಊಟದ ಸಮಿತಿಯಲ್ಲಿ ಇರಬೇಕೆಂಬ ನಿಯಮ ಯಾರು ಮಾಡಿದರೋ ದೇವರೇ ಬಲ್ಲ.

ನಮ್ಮ ತುಳುನಾಡಿನ ಹಿರಿಯರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿತಾಯಿ ಋತುಮತಿಯಾಗುತ್ತಾಳೆಂದು ನೇಗಿಲು, ಹಾರೆ ಯಾವುದನ್ನೂ ಮಣ್ಣಿಗೆ ತಾಗಿಸುವುದಿಲ್ಲ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳಿಗೂ ಬಿಡುವು. ಗದ್ದೆಯ ಕೆಲಸ ಬಾಕಿ ಇತ್ತೇ, ಮೇಳಕ್ಕೆ ಇನ್ನೊಂದು ಆಟ ಸಿಗುತ್ತಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ. ದಿನ ಬಂತು, ನಿಲ್ಲಿಸಿದರು. ಮುಂಬಯಿಗೆ ಬರುವಾಗ ಕುಚ್ಚಲಕ್ಕಿ, ಭೂತ, ನಾಗ, ಆಟ ಎಲ್ಲವನ್ನೂ ತಂದೆವು, ಕೆಡ್ಡಸವನ್ನು ಮಾತ್ರ ಅಲ್ಲೇ ಬಿಟ್ಟೆವು.

ಇಲ್ಲಿ ನಿಲ್ಲಿಸಲು ಬಲ್ಲವರೇ ಇಲ್ಲ ಎಂದಲ್ಲ. 1940ರ ದಶಕದಲ್ಲಿ ಶುರುವಾದ ಮಾಟುಂಗದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, ಕೆಫೆ ಮದ್ರಾಸ್ ಇವು ಸೋಮವಾರದ ರಜೆಗೂ ಹೆಸರಾದವು. ಆ ರಜೆಯಿಂದ ಗಿರಾಕಿ ತಪ್ಪಿಹೋಗಲಿಲ್ಲ, ಉಳಿದ ದಿನ ಬಾಗಿಲಲ್ಲಿ ಸಾಲು ನಿಲ್ಲುವುದನ್ನು ಕಂಡವರಿದ್ದಾರೆ. ಎಲ್ಲರಿಗೂ ಇದು ಸಾಧ್ಯವಾಗಲಿಕ್ಕಿಲ್ಲ. ಆಫೀಸುಗಳ ನಡುವೆ ಇರುವವರಿಗೆ ಭಾನುವಾರ ಸುಲಭ, ಸ್ಟೇಷನ್ ಎದುರು ಇರುವವರಿಗೆ ಧಣಿ ಮಾತ್ರ ರಜೆ ಮಾಡುವುದೇ ಸರಿ.

ಈ ಬಾರಿ ಮೇ ತಿಂಗಳಲ್ಲಿ ಊರಿಗೆ ಹೋಗಬೇಕೆಂದಿರುವವರಿಗೆ ಒಂದು ಸೂಚನೆ. 2024ರ ನವೆಂಬರ್‌ನಿಂದ ರೈಲು ಟಿಕೆಟಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮತ್ಸ್ಯಗಂಧದಲ್ಲಿ ಮೇ ತಿಂಗಳ ಸೀಟು ಬೇಕಾದವರು ಮಾರ್ಚ್‌ನಲ್ಲೇ ಎಚ್ಚರವಾಗಿರಬೇಕು. ಹೋಗುವ ದಿನವೇ ಹಿಂದಿರುಗುವ ಟಿಕೆಟ್ ನೋಡುವುದು ಹೋಟೇಲಿಗರ ಚಾಳಿ. ಭಾವ ಈ ಸಲ ಅದನ್ನು ಪತ್ತನಾಜೆಯ ನಂತರಕ್ಕೆ ಮಾಡಿಸಿದ್ದಾರೆ, ಮ್ಯಾನೇಜರ್‌ಗೆ ತಿಳಿಸಿಯೂ ಆಗಿದೆ.