ಗ್ಯಾರೇಜು ಕಾರಿಗೆ ಮಾತ್ರ: ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ಮುನ್ನ ಓದಬೇಕಾದ ಷರತ್ತುಗಳು

ಇಂಗ್ಲೆಂಡಿನಲ್ಲಿ ಮನೆ ಹುಡುಕುವ ನಮ್ಮವರು ಹತ್ತಿರದ ಶಾಲೆ, ರೈಲ್ವೆ ಸ್ಟೇಷನ್ನು, ಮಾರ್ಟ್‌ಗೇಜಿನ ಬಡ್ಡಿ ಎಲ್ಲವನ್ನೂ ಅಳೆದು ತೂಗಿ ನೋಡುತ್ತಾರೆ. ಮನೆಪತ್ರದಲ್ಲಿ ಏನು ಬರೆದಿದೆ ಎಂಬುದನ್ನು ಮಾತ್ರ ಸಾಲಿಸಿಟರಿಗೆ ಬಿಟ್ಟುಬಿಡುತ್ತಾರೆ. ಗೃಹಪ್ರವೇಶವಾಗಿ ಒಂದಷ್ಟು ಕಾಲ ಕಳೆದ ಮೇಲೆ ಊರಿನಿಂದ ಅಪ್ಪ ಅಮ್ಮ ಬರುವುದು ನಿಶ್ಚಯವಾಗುತ್ತದೆ. ಮಂಡಿನೋವಿನ ಅಮ್ಮನಿಗೆ ಮೆಟ್ಟಿಲು ಹತ್ತಲಾಗದು, ಕೆಳಗಿನ ಗ್ಯಾರೇಜನ್ನೇ ರೂಮು ಮಾಡಿಸೋಣ ಎಂದು ಕೆಲಸದವರನ್ನು ಕರೆಸುತ್ತಾರೆ. ಆಗ ಪಕ್ಕದ ಮನೆಯವರು ಬಂದು, ಈ ಬಡಾವಣೆಯಲ್ಲಿ ಗ್ಯಾರೇಜನ್ನು ಕಾರು ನಿಲ್ಲಿಸುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವಂತಿಲ್ಲ ಎನ್ನುತ್ತಾರೆ.

ಅವರು ಹೇಳುವುದು ನಿಜವಿರಬಹುದು. ಅಲ್ಲಿ ಇದಕ್ಕೆ ರಿಸ್ಟ್ರಿಕ್ಟಿವ್ ಕವನೆಂಟ್ ಎಂದು ಹೆಸರು. ಹಿಂದೆಂದೋ ಜಮೀನು ಮಾರಿದವರು, ಉಳಿದ ತಮ್ಮ ಜಮೀನಿಗೆ ತೊಂದರೆಯಾಗದಿರಲಿ ಎಂದು ಕೊಂಡವರಿಂದ ಬರೆಸಿಕೊಂಡ ನಿರ್ಬಂಧ ಅದು. ಬರೆದುಕೊಟ್ಟವರು ಹೋಗಿ ಎಷ್ಟು ಕಾಲವಾದರೂ ಜಮೀನಿನ ಜೊತೆಗೇ ಕೈ ಬದಲಾಯಿಸುತ್ತಾ ನಿಮ್ಮವರೆಗೆ ಬರುತ್ತದೆ.

ಲಂಡನ್ನಿನ ಲೆಸ್ಟರ್ ಸ್ಕ್ವೇರಿಗೆ ಹೋದವರು ನಡುವಿನ ತೋಟವನ್ನು ನೋಡಿರುತ್ತಾರೆ. ಈ ಕಾನೂನು ಬೇರುಬಿಟ್ಟದ್ದು ಆ ತೋಟದಲ್ಲೇ. 1808ರಲ್ಲಿ ಟಲ್ಕ್ ಎಂಬಾತ ಆ ಜಾಗವನ್ನು ಮಾರುವಾಗ, ಅಲ್ಲಿ ಕಟ್ಟಡ ಕಟ್ಟದೆ ತೋಟವಾಗಿಯೇ ಉಳಿಸಬೇಕು ಎಂದು ಬರೆಸಿಕೊಂಡ. ಕೈಯಿಂದ ಕೈಗೆ ಹೋದ ಜಾಗ ಕೊನೆಗೆ ಮೋಕ್ಸೆ ಎಂಬಾತನ ಪಾಲಾಯಿತು. ಷರತ್ತು ಅವನಿಗೆ ಗೊತ್ತಿತ್ತು, ಆದರೆ ತಾನು ಮಾತು ಕೊಟ್ಟವನಲ್ಲವಲ್ಲ ಎಂದು ಕಟ್ಟಡಕ್ಕೆ ಹೊರಟ. ತಿಳಿದೂ ಕೊಂಡವನು ಷರತ್ತಿಗೆ ಬದ್ಧ ಎಂದು 1848ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಮಿನಲ್ಲೂ ಇದೇ ತತ್ವವಿದೆ. ಊರಿನಲ್ಲಿ ಸೈಟು ಕೊಂಡವರಿಗೂ ಇದು ತೀರ ಹೊರಗಿನ ಮಾತಲ್ಲ.

ಷರತ್ತನ್ನು ಹುಡುಕುವುದು ಕಷ್ಟವಿಲ್ಲ. ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ಜಾಲತಾಣದಲ್ಲಿ ಕೆಲವೇ ಪೌಂಡ್ ಕಟ್ಟಿದರೆ ನೋಂದಣಿಯಾದ ಯಾವ ಮನೆಯ ಟೈಟಲ್ ರಿಜಿಸ್ಟರನ್ನೂ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಮೂರು ಭಾಗಗಳು. ಆಸ್ತಿಯ ವಿವರ ಮೊದಲು, ಮಾಲೀಕರ ಹೆಸರು ಆಮೇಲೆ, ಕೊನೆಯದು ಚಾರ್ಜಸ್ ರಿಜಿಸ್ಟರ್. ಬ್ಯಾಂಕಿನ ಸಾಲವೂ ಕವನೆಂಟುಗಳೂ ಇರುವುದು ಈ ಕೊನೆಯ ಭಾಗದಲ್ಲಿ. ಷರತ್ತಿನ ಪೂರ್ತಿ ಪಾಠ ಅಲ್ಲೇ ಸಿಕ್ಕೀತು ಎಂದುಕೊಳ್ಳಬೇಡಿ. ಇಂಥ ತಾರೀಕಿನ ಪತ್ರದಲ್ಲಿ ನಿರ್ಬಂಧಗಳಿವೆ, ನಕಲು ಕಚೇರಿಯಲ್ಲಿದೆ ಎಂಬ ಒಂದೇ ಸಾಲು ಇರುವುದುಂಟು. ಆ ಹಳೆಯ ಪತ್ರವನ್ನೂ ಅದರ ಬಣ್ಣ ಬಳಿದ ನಕ್ಷೆಯನ್ನೂ ತರಿಸಲೇಬೇಕು, ಯಾಕೆಂದರೆ ಷರತ್ತು ಅನ್ವಯಿಸುವುದು ಹಿತ್ತಲಿನ ಒಂದು ಪಟ್ಟಿಗೆ ಮಾತ್ರವೂ ಇದ್ದೀತು. ಮೊದಲ ನೋಂದಣಿಯ ವೇಳೆ ಮೂಲಪತ್ರವನ್ನೂ ನಕಲನ್ನೂ ಹಾಜರುಪಡಿಸಿಲ್ಲ ಎಂದಷ್ಟೇ ಬರೆದಿರುವ ಮನೆಗಳೂ ಇವೆ. ಅಲ್ಲಿ ಷರತ್ತು ಇದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ.

ಓದಲು ಕೂತರೆ ಬಗೆಬಗೆಯವು ಸಿಗುತ್ತವೆ. ಮನೆಯ ಮುಂದೆ ಬೇಲಿ ಹಾಕಬಾರದು. ಕೋಳಿ ಸಾಕಬಾರದು. ಕಾರವಾನ್ ನಿಲ್ಲಿಸಬಾರದು. ಈ ಜಾಗದಲ್ಲಿ ಒಂದಕ್ಕಿಂತ ಹೆಚ್ಚು ಮನೆ ಕಟ್ಟಬಾರದು. ಬಿಲ್ಡರ್‌ನ ಒಪ್ಪಿಗೆಯಿಲ್ಲದೆ ಮನೆಯನ್ನು ವಿಸ್ತರಿಸಬಾರದು. ನಮ್ಮವರು ಎಚ್ಚರದಿಂದ ಓದಬೇಕಾದದ್ದು ವ್ಯಾಪಾರ ವಹಿವಾಟು ನಡೆಸಕೂಡದು ಎಂಬ ಸಾಲನ್ನು. ವಾರಾಂತ್ಯದಲ್ಲಿ ಹಾಲಿನಲ್ಲಿ ನಾಲ್ಕು ಮಕ್ಕಳಿಗೆ ಸಂಗೀತ ಹೇಳಿಕೊಟ್ಟರೆ ಯಾರೂ ತಲೆ ಕೆಡಿಸಿಕೊಳ್ಳಲಿಕ್ಕಿಲ್ಲ. ಅದೇ ಭರತನಾಟ್ಯದ ಶಾಲೆಯಾಗಿ, ಬೀದಿ ತುಂಬ ಕಾರು ನಿಂತು, ಸಂಜೆಯೆಲ್ಲ ತಟ್ಟುಗೋಲಿನ ಸದ್ದು ಕೇಳಿದರೆ ಪಕ್ಕದವರು ಆ ಹಳೆಯ ಪತ್ರವನ್ನು ಹುಡುಕಿ ತೆಗೆಯುತ್ತಾರೆ.

ಷರತ್ತು ರಿಜಿಸ್ಟರಿನಲ್ಲಿದ್ದ ಮೇಲೆ, ನಾನು ನೋಡಿರಲಿಲ್ಲ ಎಂಬ ಮಾತು ನಡೆಯದು. ಹಾಗೆಂದು ದಾಖಲಾದದ್ದೆಲ್ಲ ಜಾರಿಯಾಗುತ್ತದೆ ಎಂದೂ ಅಲ್ಲ. ಇದನ್ನು ಇವತ್ತು ಹಿಡಿದು ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಗೆ ಸಾಲಿಸಿಟರ್ ಉತ್ತರ ಹುಡುಕಬೇಕು. ಆ ಷರತ್ತಿನಿಂದ ಪ್ರಯೋಜನ ಪಡೆಯುವ ಜಮೀನೊಂದು ಹತ್ತಿರದಲ್ಲಿರಬೇಕು, ಆ ಪ್ರಯೋಜನ ಈಗಿನ ಮಾಲೀಕರಿಗೆ ಸರಿಯಾಗಿ ದಾಟಿ ಬಂದಿರಬೇಕು. ಎಸ್ಟೇಟಿನ ಎಲ್ಲ ಮನೆಗಳಿಗೂ ಒಂದೇ ಯೋಜನೆಯಡಿ ಒಂದೇ ಷರತ್ತು ಹಾಕಿದ್ದರೆ ಅಲ್ಲಿನ ಪ್ರತಿ ಮನೆಯವರೂ ಕೇಳಬಹುದು. ಅಂಥ ಕಡೆ ಬಿಲ್ಡರ್ ಕಂಪನಿ ಮುಚ್ಚಿಹೋಗಿದೆ ಎಂದು ನೆಮ್ಮದಿಯಾಗಿರುವಂತಿಲ್ಲ.

ಇನ್ನು ಮಾರುವವರೇ ಷರತ್ತು ಮುರಿದಿದ್ದರೆ? ಒಪ್ಪಿಗೆ ಪಡೆಯದೆ ಹಿಂದೆ ಕನ್ಸರ್ವೇಟರಿ ಕಟ್ಟಿಸಿದ್ದಾರೆ ಎನ್ನಿ. ಎಷ್ಟೋ ಮನೆಗಳಲ್ಲಿ ಎದುರಾಗುವ ತೊಡಕು ಇದು, ಬಗೆಹರಿಯುವ ತೊಡಕೂ ಹೌದು. ಕಟ್ಟಿ ಹಲವು ವರ್ಷವಾಗಿ ಯಾರೂ ತಕರಾರು ಎತ್ತಿಲ್ಲದಿದ್ದರೆ ಇಂಡೆಮ್ನಿಟಿ ಪಾಲಿಸಿ ಎಂಬ ವಿಮೆ ಸಿಗುತ್ತದೆ. ಒಂದೇ ಸಲ ಕಂತು ಕಟ್ಟಿದರಾಯಿತು, ಮುಂದೆ ಮನೆ ಮಾರಿದರೂ ಕೊಂಡವರಿಗೆ ಅದೇ ಪಾಲಿಸಿ ನಡೆಯುತ್ತದೆ. ಆ ಹಣವನ್ನು ಮಾರುವವರೇ ಕೊಡಲಿ ಎಂದು ಕೇಳಿ, ಸಂಕೋಚ ಬೇಡ. ಪಾಲಿಸಿ ಕಾಯುವುದು ಹಿಂದೆ ಆದದ್ದನ್ನು. ನೀವು ನಾಳೆ ಒಡೆಯಲಿರುವ ಗ್ಯಾರೇಜಿಗೆ ಅದು ರಕ್ಷೆಯಲ್ಲ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸಾಲಿಸಿಟರ್ ಹೂಂ ಎನ್ನುವವರೆಗೆ ಪಕ್ಕದ ಮನೆಯವರನ್ನಾಗಲಿ ಬಿಲ್ಡರನ್ನಾಗಲಿ ವಿಚಾರಿಸಲು ಹೋಗಬೇಡಿ. ನಮ್ಮ ರೂಢಿಯೇ ಬೇರೆ. ಹೊಸ ಬೀದಿಗೆ ಹೋದರೆ ಅಕ್ಕಪಕ್ಕದವರನ್ನು ಮಾತಾಡಿಸಿ, ಇಲ್ಲಿ ಹೀಗೆ ಮಾಡಬಹುದೇ ಎಂದು ಕೇಳುವುದು ನಮಗೆ ಮರ್ಯಾದೆಯ ನಡೆ. ಆದರೆ ಷರತ್ತಿನ ಹಕ್ಕುದಾರರಿಗೆ ಸುದ್ದಿ ಮುಟ್ಟಿಸಿದ ಮೇಲೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಪಾಲಿಸಿ ಕೊಡುವುದಿಲ್ಲ. ಒಂದು ಇಮೇಲು ಸಾಕು ಆ ದಾರಿ ಮುಚ್ಚಲು.

ಮುಂದೆ ಮಾಡಿಸುವ ಕೆಲಸಕ್ಕೆ ಒಪ್ಪಿಗೆ ಕೇಳುವುದೇ ನೇರ ದಾರಿ. ಬಿಲ್ಡರ್ ಇನ್ನೂ ಇದ್ದರೆ ಶುಲ್ಕ ತೆಗೆದುಕೊಂಡು ಕಾಗದ ಕೊಡುವುದುಂಟು. ಕೌನ್ಸಿಲ್ಲಿನ ಪ್ಲಾನಿಂಗ್ ಪರ್ಮಿಷನ್ ಸಿಕ್ಕಿದೆಯಲ್ಲ, ಮತ್ತೇಕೆ ಇದು ಎಂದು ಕೇಳುವವರೇ ಹೆಚ್ಚು. ಅದು ಸಾರ್ವಜನಿಕ ಅನುಮತಿ, ಇದು ಇಬ್ಬರು ಜಮೀನುದಾರರ ನಡುವಿನ ಹಕ್ಕು. ಒಂದು ಸಿಕ್ಕಿತೆಂದು ಇನ್ನೊಂದು ತೊಲಗುವುದಿಲ್ಲ.

ಒಪ್ಪಿಗೆ ಸಿಗದಿದ್ದರೆ 1925ರ ಲಾ ಆಫ್ ಪ್ರಾಪರ್ಟಿ ಆ್ಯಕ್ಟಿನ 84ನೇ ಕಲಮಿನಡಿ ಅಪ್ಪರ್ ಟ್ರಿಬ್ಯುನಲ್‌ಗೆ ಅರ್ಜಿ ಹಾಕಬಹುದು. ಷರತ್ತು ಕಾಲಬಾಹಿರವಾಗಿದೆ, ಅಥವಾ ಜಮೀನಿನ ನ್ಯಾಯವಾದ ಬಳಕೆಗೆ ಅಡ್ಡಿಯಾಗಿದ್ದು ಎದುರಿನವರಿಗೆ ಹೇಳಿಕೊಳ್ಳುವಂಥ ಪ್ರಯೋಜನವೂ ಇಲ್ಲ ಎಂದು ತೋರಿಸಿಕೊಟ್ಟರೆ ಟ್ರಿಬ್ಯುನಲ್ ಅದನ್ನು ಸಡಿಲಿಸಬಹುದು, ರದ್ದೂ ಮಾಡಬಹುದು. ಸಮಯ ಹಿಡಿಯುತ್ತದೆ, ಖರ್ಚೂ ಇದೆ. ಮೊದಲು ಕಟ್ಟಿ ಆಮೇಲೆ ಅರ್ಜಿ ಹಾಕುವ ಯೋಚನೆಯಂತೂ ಬೇಡವೇ ಬೇಡ. ಮೇಡನ್‌ಹೆಡ್‌ನಲ್ಲಿ ಒಬ್ಬ ಬಿಲ್ಡರ್, ಷರತ್ತು ಗೊತ್ತಿದ್ದೂ ಪ್ಲಾನಿಂಗ್ ಪರ್ಮಿಷನ್ ಪಡೆದು 13 ಕೈಗೆಟುಕುವ ದರದ ಮನೆಗಳನ್ನು ಕಟ್ಟಿ ಮುಗಿಸಿ ಆಮೇಲೆ ಟ್ರಿಬ್ಯುನಲ್‌ಗೆ ಹೋದ. ಪಕ್ಕದ ಜಮೀನು ತೀವ್ರ ಕಾಯಿಲೆಯ ಮಕ್ಕಳ ಆರೈಕೆ ಕೇಂದ್ರದ್ದು. ತೋಟದಲ್ಲಿ ಗಾಲಿಕುರ್ಚಿಯ ಮಕ್ಕಳು ಅನ್ಯರ ಕಣ್ಣಿಗೆ ಬೀಳದೆ ಇರಲು ಆ ಷರತ್ತೇ ಆಸರೆಯಾಗಿತ್ತು. 1,50,000 ಪೌಂಡ್ ಪರಿಹಾರ ಕೊಡಲಿ ಎಂದು ಟ್ರಿಬ್ಯುನಲ್ ಷರತ್ತು ಸಡಿಲಿಸಿತು. ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು, 2020ರಲ್ಲಿ ಸುಪ್ರೀಂ ಕೋರ್ಟೂ ಬಿಲ್ಡರನ ಕಡೆಗೆ ಒಲಿಯಲಿಲ್ಲ. ಷರತ್ತೆಂದರೆ ಬರೀ ಕಿರಿಕಿರಿ ಎಂದು ನೋಡುವವರು ಆ ಮಕ್ಕಳನ್ನು ನೆನೆಯಬೇಕು. ನಿಮ್ಮ ಹಿತ್ತಲಿನ ಬಿಸಿಲನ್ನೂ ಮರೆಯನ್ನೂ ಕಾಯುತ್ತಿರುವುದು ಪಕ್ಕದವರ ಪತ್ರದಲ್ಲಿರುವ ಇಂಥದೇ ಒಂದು ಸಾಲು ಇರಬಹುದು.

ಬೇಲಿ ದುರಸ್ತಿ ಮಾಡಬೇಕು, ರಸ್ತೆಯ ಖರ್ಚು ಹಂಚಿಕೊಳ್ಳಬೇಕು ಎಂಬಂಥ, ಕೈಯಿಂದ ಖರ್ಚು ಹಿಡಿಯುವ ಕಟ್ಟುಪಾಡುಗಳ ದಾರಿ ಬೇರೆ. ಫ್ರೀಹೋಲ್ಡ್ ಮನೆಯಲ್ಲಿ ಅವು ತಾವಾಗಿ ಮುಂದಿನವರಿಗೆ ದಾಟವು, ಆದ್ದರಿಂದ ಹೊಸ ಎಸ್ಟೇಟುಗಳಲ್ಲಿ ರೆಂಟ್‌ಚಾರ್ಜ್ ಎಂಬ ಬೇರೆ ಏರ್ಪಾಡು ಮಾಡಿರುತ್ತಾರೆ. ಲೀಸ್‌ಹೋಲ್ಡ್ ಫ್ಲ್ಯಾಟಾದರೆ ಲೀಸಿನ ಪ್ರತಿ ಷರತ್ತೂ ಕಟ್ಟಿಹಾಕುತ್ತದೆ. ಸ್ಕಾಟ್ಲೆಂಡಿನ ಕಾನೂನೇ ಪ್ರತ್ಯೇಕ, ಅಲ್ಲಿ ಕೊಳ್ಳುವವರು ಅಲ್ಲಿನ ಸಾಲಿಸಿಟರನ್ನೇ ಕೇಳಬೇಕು.

ಸಾಲಿಸಿಟರ್ ಪತ್ರ ಓದುತ್ತಾರೆ ನಿಜ, ಆದರೆ ನಿಮ್ಮ ಮನಸ್ಸಿನಲ್ಲಿರುವುದು ಅವರಿಗೆ ಗೊತ್ತಿರುವುದಿಲ್ಲ. ಗ್ಯಾರೇಜನ್ನು ರೂಮು ಮಾಡಬೇಕು, ಹಿಂದೆ ಅಡುಗೆಮನೆ ಬೆಳೆಸಬೇಕು, ಮನೆಯಲ್ಲಿ ಕ್ಲಾಸು ನಡೆಸಬೇಕು, ಏನೇ ಇರಲಿ ಮೊದಲ ವಾರವೇ ಬರೆದು ಕಳಿಸಿ. ಯಾವ ಷರತ್ತು ಅಡ್ಡ ಬರುತ್ತದೆ, ಅದನ್ನು ಯಾರು ಜಾರಿ ಮಾಡಬಲ್ಲರು ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಇಂಗ್ಲೆಂಡಿನಲ್ಲಿ ಆಫರ್ ಒಪ್ಪಿದ ಮೇಲೂ ಕರಾರುಪತ್ರಗಳ ಎಕ್ಸ್‌ಚೇಂಜ್ ಆಗುವವರೆಗೆ ಯಾರೂ ಬದ್ಧರಲ್ಲ. ಬೆಲೆ ಇಳಿಸಿ ಎನ್ನಲು, ಮಾರುವವರಿಂದ ಪಾಲಿಸಿ ಮಾಡಿಸಲು, ಬೇಡ ಎಂದು ಎದ್ದು ಬರಲು ಇರುವ ಅವಕಾಶವೆಲ್ಲ ಅಲ್ಲಿಯವರೆಗೆ. ಆಮೇಲೆ ಹಿಂದೆ ಸರಿದರೆ, ಸಾಮಾನ್ಯವಾಗಿ ಬೆಲೆಯ ನೂರಕ್ಕೆ ಹತ್ತರಷ್ಟಿರುವ ಠೇವಣಿ ಹೋಗುತ್ತದೆ.